ತ.ರಾ.ಸು. ಓದಿಕೊಂಡು ದುರ್ಗ ಹತ್ತುವವರಿಗೆ

ಚಿತ್ರದುರ್ಗದ ಕೋಟೆಗೆ ಬರುವ ಬಹುಪಾಲು ಜನ ಟಿಕೆಟ್ ತಗೊಂಡು ಒಳಹೊಕ್ಕು, ನೇರ ಓಬವ್ವನ ಕಿಂಡಿಗೆ ಹೋಗಿ, ಬಗ್ಗಿ ಅದರೊಳಗೆ ತೂರಿ ಫೋಟೊ ತೆಗೆಸಿಕೊಂಡು, ಬಿಸಿಲೇರುವ ಹೊತ್ತಿಗೆ ಇಳಿದುಬಿಡುತ್ತಾರೆ. ಕೋಟೆ ನೋಡಲು ಬಂದವರಿಗೆ ಅಷ್ಟು ಸಾಕಾಗಬಹುದು. ಕಾದಂಬರಿಕಾರ ತ.ರಾ.ಸು. ಅವರ ದುರ್ಗ ನೋಡಬೇಕೆಂದು ಬಂದವರಿಗೆ ಸಾಲದು. ಅವರ ಐತಿಹಾಸಿಕ ಕಾದಂಬರಿಗಳ ಜೀವ ಇರುವುದು ಅರಮನೆಯಲ್ಲಿ, ಗುಡಿಗಳಲ್ಲಿ, ಬಾಗಿಲುಗಳಲ್ಲಿ. ಕಿಂಡಿಯ ಕಡೆಗೇ ಎಲ್ಲರ ಕಾಲು ಎಳೆಯುವುದಕ್ಕೆ ಕಾರಣ ಒಂದು ಸಿನಿಮಾ. ಹಾಗಾಗಿ ಈ ಊರಿಗೆ ಬರುವ ಮುಂಚೆಯೇ ಮೂರು ದುರ್ಗಗಳನ್ನು ತಲೆಯಲ್ಲಿ ಬೇರೆ ಬೇರೆ ಮಾಡಿಕೊಳ್ಳಿ: ಪಾಳೆಯಗಾರರ ಚರಿತ್ರೆಯ ದುರ್ಗ, ತ.ರಾ.ಸು. ಕಾದಂಬರಿಯ ದುರ್ಗ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ದುರ್ಗ. ಮೂರೂ ಒಂದೇ ಬಂಡೆಗಳ ಮೇಲೆ ನಿಂತಿವೆ. ಕಲಸಿಹೋದರೆ ಯಾವುದನ್ನೂ ಸರಿಯಾಗಿ ನೋಡಿದ ಹಾಗಾಗುವುದಿಲ್ಲ.

ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಹುಟ್ಟಿದ್ದು 1920ರ ಏಪ್ರಿಲ್ 21ರಂದು, ಮಲೆಬೆನ್ನೂರಿನಲ್ಲಿ. ಇವತ್ತು ಅದು ದಾವಣಗೆರೆ ಜಿಲ್ಲೆ. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಮನೆತನದ ಊರು ಚಳ್ಳಕೆರೆ ತಾಲ್ಲೂಕಿನ ತಳುಕು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕ ಟಿ.ಎಸ್. ವೆಂಕಣ್ಣಯ್ಯ ಇವರ ದೊಡ್ಡಪ್ಪ. ಕುವೆಂಪು ತಮ್ಮ ‘ಶ್ರೀರಾಮಾಯಣ ದರ್ಶನಂ’ ಅರ್ಪಿಸಿದ್ದು ಆ ಗುರುಗಳಿಗೇ. ಸುಬ್ಬರಾಯರು 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಪತ್ರಿಕೆಗಳಲ್ಲಿ ದುಡಿದರು, ಅ.ನ.ಕೃ. ಜೊತೆ ಪ್ರಗತಿಶೀಲ ಚಳವಳಿಯಲ್ಲಿದ್ದರು, ಕೊನೆಗಾಲ ಮೈಸೂರಿನಲ್ಲಿ ಕಳೆದರು, 1984ರ ಏಪ್ರಿಲ್ 10ರಂದು ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ, ಅವರು ಹೋದ ಮೇಲೆ.

ಮೊದಲು ಓದಿನ ವಿಷಯ. ದುರ್ಗದ ಪಾಳೆಯಗಾರರ ಮೇಲೆ ಅವರು ಬರೆದ ಸರಣಿಯಲ್ಲಿ ಎಂಟು ಕಾದಂಬರಿಗಳಿವೆ. ಕಥೆಯ ಓಟದ ಪ್ರಕಾರ ಓದಬೇಕೆಂದರೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ಆಮೇಲೆ ‘ಹೊಸಹಗಲು’, ‘ವಿಜಯೋತ್ಸವ’, ‘ರಾಜ್ಯದಾಹ’, ‘ಕಸ್ತೂರಿ ಕಂಕಣ’, ಕೊನೆಗೆ ‘ದುರ್ಗಾಸ್ತಮಾನ’. ಎಂಟನ್ನೂ ಓದಲು ಬಿಡುವಿಲ್ಲದವರು ಮೊದಲ ಮೂರನ್ನು ಮತ್ತು ಕೊನೆಯದನ್ನು ಓದಿ. ಮೊದಲ ಮೂರು ಒಂದೇ ಎಳೆಯವು: ದಳವಾಯಿ (ಸೇನಾಪತಿ) ಮುದ್ದಣ್ಣನ ಕೈಗೆ ಅಧಿಕಾರ ಹೋಗಿ, ಸಿಂಹಾಸನದ ಸುತ್ತ ರಕ್ತ ಹರಿದ ಕಾಲದ್ದು. ಕೊನೆಯದು ಹೈದರಾಲಿಯ ಕೈಗೆ ದುರ್ಗ ಬಿದ್ದ ಕಥೆ. ‘ದುರ್ಗಾಸ್ತಮಾನ’ ದಪ್ಪ ಪುಸ್ತಕ. ಬಸ್ಸಿನಲ್ಲಿ ಬರುತ್ತಾ ಓದಿ ಮುಗಿಸುತ್ತೇನೆ ಎಂದುಕೊಂಡರೆ ಆಗುವ ಮಾತಲ್ಲ. ಒಂದು ತಿಂಗಳು ಮುಂಚೆಯೇ ಕೈಗೆತ್ತಿಕೊಳ್ಳಿ.

ಓದುವಾಗ ಎಡವುವುದು ಹೆಸರುಗಳಲ್ಲಿ. ದುರ್ಗದಲ್ಲಿ ಮದಕರಿನಾಯಕ ಅನ್ನುವ ಹೆಸರಿನವರು ಒಬ್ಬರಲ್ಲ. 1568ರ ಹೊತ್ತಿಗೆ ಮತ್ತಿ ತಿಮ್ಮಣ್ಣನಾಯಕನಿಂದ ಶುರುವಾದ ವಂಶದಲ್ಲಿ ಆ ಹೆಸರು ಮತ್ತೆ ಮತ್ತೆ ಬರುತ್ತದೆ. ಮೂವರನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ: 1689ರಿಂದ 1721ರವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣನಾಯಕ, ಅವನ ನಂತರ ಬಂದು 1748ರಲ್ಲಿ ಮಾಯಕೊಂಡದ ಯುದ್ಧದಲ್ಲಿ ಮಡಿದ ಹಿರೇಮದಕರಿನಾಯಕ, 1754ರಲ್ಲಿ ಹನ್ನೆರಡರ ಹುಡುಗನಾಗಿ ಪಟ್ಟಕ್ಕೆ ಬಂದು 1779ರಲ್ಲಿ ದುರ್ಗ ಕಳೆದುಕೊಂಡ ಕೊನೆಯ ಮದಕರಿನಾಯಕ. ಊರಿನ ವೃತ್ತದಲ್ಲಿ ಪ್ರತಿಮೆ ಇರುವುದು, ಜನ ಬರೀ ‘ಮದಕರಿ’ ಅನ್ನುವುದು ಈ ಕೊನೆಯವನನ್ನು. ಓಬವ್ವ ಅನ್ನುವ ಹೆಸರೂ ಹಾಗೇ. ಮೊದಲ ಮೂರು ಕಾದಂಬರಿಗಳ ಓಬವ್ವ ನಾಗತಿ (ನಾಗತಿ ಅಂದರೆ ನಾಯಕನ ರಾಣಿ) ಅರಮನೆಯವಳು. ಕಿಂಡಿಯ ಓಬವ್ವ ಕಾವಲುಗಾರನ ಹೆಂಡತಿ, ಅವಳಿಗಿಂತ ನೂರು ವರ್ಷ ಈಚಿನವಳು. ಗೈಡ್ ಒಬ್ಬಳ ಕಥೆ ಹೇಳುವಾಗ ಓದುಗರು ಇನ್ನೊಬ್ಬಳನ್ನು ನೆನೆಸಿಕೊಂಡು ಗೊಂದಲಕ್ಕೆ ಬೀಳುವುದು ಇಲ್ಲಿ ಮಾಮೂಲು. ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಪೆನ್ಸಿಲ್ಲಿನಲ್ಲಿ ವಂಶದ ಸಾಲು ಬರೆದಿಟ್ಟುಕೊಳ್ಳಿ, ಕೋಟೆಯ ಮೇಲೂ ಉಪಯೋಗಕ್ಕೆ ಬರುತ್ತದೆ.

ಚರಿತ್ರೆಯನ್ನು ಪಕ್ಕದಲ್ಲಿಟ್ಟು ನೋಡುವ ಆಸೆಯಿದ್ದರೆ ಎಂ.ಎಸ್. ಪುಟ್ಟಣ್ಣನವರು ದುರ್ಗದ ಪಾಳೆಯಗಾರರ ಬಗ್ಗೆ ಬರೆದ ಹಳೆಯ ಪುಸ್ತಕ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಹುಲ್ಲೂರು ಶ್ರೀನಿವಾಸ ಜೋಯಿಸರ ಹೆಸರೂ ನೆನಪಿರಲಿ. ಊರಿನ ಶಾಸನ, ಓಲೆಗರಿ, ಆಯುಧಗಳನ್ನು ಕೂಡಿಹಾಕಿ ಉಳಿಸಿದವರು ಅವರು. ರಂಗಯ್ಯನ ಬಾಗಿಲ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಬುನಾದಿ ಅವರ ಸಂಗ್ರಹವೇ.

ಇನ್ನು ಊರಿಗೆ ಬರುವುದು. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿ.ಮೀ., ದಾವಣಗೆರೆಯಿಂದ 60 ಕಿ.ಮೀ. ಆಸುಪಾಸು. ಬಸ್ಸುಗಳಿಗೆ ಬರವಿಲ್ಲ. ರೈಲು ನಂಬಿ ಬರುವವರಿಗೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಚಿಕ್ಕಜಾಜೂರು ಜಂಕ್ಷನ್ ಹತ್ತಿರ. ಅಲ್ಲಿಂದ ದುರ್ಗಕ್ಕೆ ಬರುವ ಗಾಡಿಗಳು ಕಡಿಮೆ, ಹೊಳಲ್ಕೆರೆ ಮೇಲೆ ಬಸ್ಸಿನಲ್ಲಿ ಬರುವುದೇ ಮೇಲು. ಎರಡು ದಿನ ಇಟ್ಟುಕೊಳ್ಳಿ: ಒಂದು ಪೂರ್ತಿ ಬೆಳಿಗ್ಗೆ ಕೋಟೆಗೆ, ಅದೇ ಸಂಜೆ ಪೇಟೆಗೆ, ಮರುದಿನ ಚಂದ್ರವಳ್ಳಿಗೆ ಮತ್ತು ಸುತ್ತಲಿನ ಊರುಗಳಿಗೆ.

ಕಾಲದ ಆಯ್ಕೆಯಲ್ಲಿ ತಪ್ಪು ಮಾಡಬೇಡಿ. ಮಾರ್ಚ್ ಕಳೆಯಿತೆಂದರೆ ಹತ್ತು ಗಂಟೆಗೇ ಬಂಡೆ ಕಾಯುತ್ತದೆ. ಮೇಲಿನ ಬಿಸಿಲಿಗಿಂತ ಕೆಳಗಿನಿಂದ ಬಡಿಯುವ ಕಾವು ಸುಸ್ತು ಮಾಡುತ್ತದೆ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ: ಹೊಂಡಗಳಲ್ಲಿ ನೀರೂ ಇರುತ್ತದೆ, ಗುಡ್ಡದ ಮೇಲೆ ಹಸಿರೂ ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗಿರಿ. ಟಿಕೆಟ್ ಭಾರತೀಯರಿಗೆ 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ತಲೆಗೆ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಮೇಲುದುರ್ಗದಲ್ಲಿ ಅಂಗಡಿ ಸಾಲು ನಿರೀಕ್ಷಿಸಬೇಡಿ. ತಿಂಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈಯಲ್ಲಿ ಹಿಡಿದರೆ ಕೋತಿಗಳು ಕಿತ್ತುಕೊಂಡೇ ತೀರುತ್ತವೆ. ಅದು ಬ್ಯಾಗಿನೊಳಗೆ, ಬ್ಯಾಗು ಬೆನ್ನ ಮೇಲೆ ಇರಲಿ. ನಯವಾದ ಅಟ್ಟೆಯ ಚಪ್ಪಲಿ, ಹೊಸ ತೊಗಲಿನ ಶೂ ಎರಡೂ ಬೇಡ. ಸಾವಿರಾರು ಜನ ನಡೆದು ನುಣುಪಾದ ಕಲ್ಲು ಒಣಗಿದ್ದಾಗಲೂ ಜಾರುತ್ತದೆ, ತುಂತುರು ಬಿದ್ದರೆ ಕೇಳುವುದೇ ಬೇಡ.

ಏಳು ಸುತ್ತಿನ ಕೋಟೆ ಎಂದು ಹಾಡಿನಲ್ಲಿ ಮಾತಿನಲ್ಲಿ ಎಲ್ಲರೂ ಹೇಳುತ್ತಾರೆ. ಅದರಲ್ಲಿ ಮೂರು ಸುತ್ತು ಬಯಲಿನಲ್ಲಿವೆ, ನಾಲ್ಕು ಗುಡ್ಡದ ಮೇಲಿವೆ. ಈ ಒಂದು ಸಂಗತಿ ತಿಳಿದರೆ ತ.ರಾ.ಸು. ದುರ್ಗ ಅರ್ಧ ಅರ್ಥವಾಯಿತೆಂದೇ ಲೆಕ್ಕ. ಬಯಲಿನ ಸುತ್ತುಗಳ ನಡುವೆ ಹಳೆಯ ಪೇಟೆ ಕೂತಿದೆ. ಮೇಲಿನ ನಾಲ್ಕು ಸುತ್ತುಗಳೊಳಗೆ ಅರಮನೆ, ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ, ಗುಡಿಗಳಿವೆ. ನಾಯಕರ ಕಾದಂಬರಿಗಳು ಮೇಲಿನ ಕೋಟೆಯವು, ಅವರ ‘ನಾಗರಹಾವು’ ಕಾದಂಬರಿ ಕೆಳಗಿನದು. ಒಂದೇ ಗೋಡೆಗಳ ಒಳಗಿನ ಎರಡು ಊರು. ಟಿಕೆಟ್ ಕೊಡುವ ಜಾಗದಿಂದ ಮಾತ್ರ ಕೋಟೆ ಶುರುವಾಗುತ್ತದೆ ಅಂದುಕೊಂಡವರು ಬಜಾರಿನ ನಡುವೆ ನಿಂತ ರಂಗಯ್ಯನ ಬಾಗಿಲನ್ನು ಆಟೊದಲ್ಲಿ ದಾಟಿ ಹೋಗಿಬಿಟ್ಟಿರುತ್ತಾರೆ. ಅದೂ ಕೋಟೆಯ ಬಾಗಿಲೇ. ಸಾಧ್ಯವಾದರೆ ಅಲ್ಲಿಂದ ನಡೆದುಕೊಂಡೇ ಬನ್ನಿ.

ಮೇಲುದುರ್ಗದ ಬಾಗಿಲುಗಳಲ್ಲಿ ಅವಸರ ಮಾಡಬೇಡಿ. ಒಂದು ಬಾಗಿಲು ದಾಟಿದ ಕೂಡಲೇ ದಾರಿ ಗಕ್ಕನೆ ತಿರುಗುತ್ತದೆ, ಎದುರಿಗೆ ಬರೀ ಗೋಡೆ ಸಿಗುತ್ತದೆ. ಆನೆಯನ್ನು ಓಡಿಸಿಕೊಂಡು ಬಂದು ಕದಕ್ಕೆ ಗುದ್ದಿಸಲು ಬೇಕಾದ ನೇರ ಜಾಗವೇ ಅಲ್ಲಿಲ್ಲ. ತಿರುವಿನಲ್ಲಿ ನಿಂತು ತಲೆಯೆತ್ತಿ ನೋಡಿ: ಮೇಲಿನ ಗೋಡೆಯಲ್ಲಿ ಬಂದೂಕಿಗೆ ಬಿಟ್ಟ ಕಂಡಿಗಳು ನಿಮ್ಮ ನೆತ್ತಿಗೇ ಗುರಿಯಿಟ್ಟಂತಿವೆ. ಹೊಸ್ತಿಲ ಎರಡು ತುದಿಯಲ್ಲಿ ಕದ ತಿರುಗುತ್ತಿದ್ದ ದುಂಡನೆಯ ಕುಳಿಗಳಿವೆ. ಅದರೊಳಗೆ ಬೆರಳಾಡಿಸಿದರೆ ತಿರುಗಿ ತಿರುಗಿ ಸವೆದ ನುಣುಪು ತಾಗುತ್ತದೆ. ಒಳಬದಿಯ ಗೋಡೆಯಲ್ಲಿ ಅಗುಳಿ ಸರಿಸುತ್ತಿದ್ದ ಚೌಕದ ರಂಧ್ರಗಳಿವೆ. ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ, ಒಂದರ ಮೂಲೆಗೆ ಇನ್ನೊಂದರ ಮೂಲೆ ಕಡಿದು ಕೂರಿಸಿದ್ದಾರೆ. ಆಸುಪಾಸಿನ ಬಂಡೆಗಳಲ್ಲಿ ಸಾಲಾಗಿ ಗೇಣಿಗೊಂದರಂತೆ ತೋಡಿದ ಸಣ್ಣ ಕುಳಿಗಳು ಕಂಡರೆ, ಅವು ಕಲ್ಲು ಸೀಳಲು ಬೆಣೆ ಹೊಡೆದ ಗುರುತುಗಳು. ಕೋಟೆಯ ಕಲ್ಲು ಹೊರಗಿನಿಂದ ಬಂದದ್ದಲ್ಲ, ಈ ಗುಡ್ಡದ್ದೇ. ಮುದ್ದಣ್ಣನ ಕಾಲದ ಕಾದಂಬರಿಗಳಲ್ಲಿ ಬಾಗಿಲ ಕಾವಲು ಯಾರ ಕೈಯಲ್ಲಿದೆ ಅನ್ನುವುದರ ಮೇಲೆ ಜೀವಗಳು ಉಳಿಯುತ್ತವೆ, ಹೋಗುತ್ತವೆ. ಯಾಕೆ ಅನ್ನುವುದು ಇಲ್ಲಿ ನಿಂತಾಗ ಗೊತ್ತಾಗುತ್ತದೆ. ಈ ಕೋಟೆಯನ್ನು ಹೊರಗಿನಿಂದ ಒಡೆಯುವುದಕ್ಕಿಂತ ಒಳಗಿನವನೊಬ್ಬನನ್ನು ಒಲಿಸಿಕೊಳ್ಳುವುದು ಸುಲಭ.

ಬಾಗಿಲುಗಳ ದಾರಿಯಲ್ಲೇ ಮದ್ದು ಬೀಸುವ ಕಲ್ಲುಗಳಿವೆ. ತಗ್ಗಿನಲ್ಲಿ ಕಟ್ಟಿದ ಅಂಕಣದೊಳಗೆ ನಾಲ್ಕು ಭಾರೀ ಬೀಸುಗಲ್ಲುಗಳು, ಸಿಡಿಮದ್ದು ತಯಾರಿಸಲು. ಮೇಲಿನಿಂದ ಒಮ್ಮೆ ನೋಡಿ ಸಾಗಿಬಿಡುತ್ತಾರೆ ಜನ. ಪಕ್ಕದ ಮೆಟ್ಟಿಲಿಳಿದು ಕಲ್ಲಿನ ಮಗ್ಗುಲಿಗೆ ನಿಂತರೆ ಅದರ ಗಾತ್ರ ತಿಳಿಯುತ್ತದೆ. ಹದಿನೆಂಟನೆಯ ಶತಮಾನದ ದುರ್ಗ ಬರೀ ಕತ್ತಿ-ಈಟಿಯ ದುರ್ಗವಾಗಿರಲಿಲ್ಲ. ‘ದುರ್ಗಾಸ್ತಮಾನ’ದ ಮುತ್ತಿಗೆಯ ಪುಟಗಳಿಗೆ ಈ ಕಲ್ಲುಗಳೇ ಸಾಕ್ಷಿ.

ಮೇಲಕ್ಕೆ ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು. ಏಕನಾಥಿ ಕೋಟೆ ಕಾಯುವ ತಾಯಿ. ಇವತ್ತೂ ನಿತ್ಯ ಪೂಜೆ ನಡೆಯುವ ಗುಡಿ, ಪಾದರಕ್ಷೆ ಹೊರಗೆ ಬಿಡಿ. ನಾಯಕರಿಗೆ ಪಟ್ಟ ಕಟ್ಟುತ್ತಿದ್ದುದು ಸಂಪಿಗೆ ಸಿದ್ದೇಶ್ವರನ ಸನ್ನಿಧಿಯಲ್ಲಿ ಎನ್ನುತ್ತಾರೆ. ಈ ಗುಡಿಗಳ ಸುತ್ತಲೇ ಎತ್ತರದ ಕಲ್ಲಿನ ಉಯ್ಯಾಲೆ ಕಂಬ, ದೀಪಸ್ತಂಭಗಳಿವೆ. ಕೋಟೆಯಲ್ಲಿ ಒಂದು ಗಂಟೆ ಸುಮ್ಮನೆ ಕೂರಲು ಜಾಗ ಆರಿಸಿಕೊಳ್ಳಿ ಎಂದರೆ ನಾನು ತೋರಿಸುವುದು ಇದನ್ನೇ. ‘ದುರ್ಗಾಸ್ತಮಾನ’ದಲ್ಲಿ ಹುಡುಗ ಮದಕರಿ ಪಟ್ಟಕ್ಕೆ ಬರುವ ಅಧ್ಯಾಯಗಳನ್ನು ಇಲ್ಲಿ ನೆರಳಿಗೆ ಕೂತು ಮತ್ತೊಮ್ಮೆ ಓದಿ. ಬೇರೆಲ್ಲೂ ಓದಿದ ಹಾಗೆ ಇರುವುದಿಲ್ಲ.

ನೀರಿನ ಏರ್ಪಾಡು ಬಿಡಲೇಬಾರದ್ದು. ದುರ್ಗದ ಸೀಮೆಯಲ್ಲಿ ಮಳೆ ಕಡಿಮೆ. ಮುತ್ತಿಗೆ ಬಿದ್ದರೆ ಮೊದಲು ಸೋಲುವುದು ಬಾಯಾರಿಕೆಗೆ. ಮೇಲೆ ಬಂಡೆಗಳ ಮೇಲೆ ಬಿದ್ದ ಮಳೆ ಹರಿದು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಕೋಡಿ ಬಿದ್ದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಮತ್ತೂ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಅರಮನೆ ಕುಡಿದು ಉಳಿದದ್ದು ಪೇಟೆಗೆ ಹೋಗುತ್ತಿತ್ತು. ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡದ ದಂಡೆಯ ಮೇಲೆ ನಿಂತು ನೀರು ಹೊರಬೀಳುವ ಮೂಲೆ ಹುಡುಕಿ, ಅಲ್ಲಿಂದ ಇಳಿಜಾರನ್ನೇ ಹಿಡಿದು ಅಕ್ಕ-ತಂಗಿ ಹೊಂಡಕ್ಕೆ ನಡೆಯಿರಿ. ಸಂಜೆ ಪೇಟೆಯಲ್ಲಿ ಸಂತೆ ಹೊಂಡ ನೋಡಿದಾಗ ಅದೇ ಸರಪಳಿಯ ಕೊನೆಯ ಕೊಂಡಿ ಅದೆಂದು ತಿಳಿಯುತ್ತದೆ. ದುರ್ಗ ಬಿದ್ದ ದಿನ ಮದಕರಿಯ ಮಡದಿಯರು ಅಕ್ಕ-ತಂಗಿ ಹೊಂಡಕ್ಕೆ ಹಾರಿದರೆಂದು ಜನ ಹೇಳುತ್ತಾರೆ. ಅದು ಜನರ ನೆನಪಿನ ಕಥೆ, ಹಾಗೆಂದೇ ಕೇಳಿಸಿಕೊಳ್ಳಿ. ಹೊಂಡಗಳಿಗೆ ಇಳಿಯಬೇಡಿ, ಪಾಚಿ ಕಟ್ಟಿದ ಮೆಟ್ಟಿಲು, ಆಳ ಗೊತ್ತಾಗದ ನೀರು.

ಅರಮನೆಯ ಅವಶೇಷಗಳತ್ತ ಗೈಡುಗಳೂ ಅಷ್ಟಾಗಿ ಕರೆದೊಯ್ಯುವುದಿಲ್ಲ, ಪ್ರವಾಸಿಗರೂ ಕೇಳುವುದಿಲ್ಲ. ತ.ರಾ.ಸು. ಓದಿದವರಿಗೆ ಇದೇ ಮುಖ್ಯ. ಮುರುಘಾಮಠದ ಹಳೆಯ ಕಟ್ಟಡ, ಟಂಕಸಾಲೆ ನೋಡಿಕೊಂಡು ಮುಂದೆ ಹೋದರೆ ಆಳೆತ್ತರಕ್ಕಿಂತಲೂ ಮೇಲೆ ಹೋದ ಮಣ್ಣಿನ ಗೋಡೆಗಳು ಮೊಂಡಾಗಿ ನಿಂತಿವೆ. ಚಾವಣಿ, ಮರಮುಟ್ಟು ಎಲ್ಲ ಹೋಗಿದೆ. ಕಲ್ಲಿನ ಕೋಟೆಯೊಳಗೆ ಮಣ್ಣಿನ ಅರಮನೆ ಎಂದು ಕೆಲವರಿಗೆ ಆಶ್ಚರ್ಯ. ಈ ಸೀಮೆಯಲ್ಲಿ ಮನೆ ಕಟ್ಟುತ್ತಿದ್ದುದೇ ಹಾಗೆ: ದಪ್ಪ ಮಣ್ಣಿನ ಗೋಡೆ ಬೇಸಿಗೆಯಲ್ಲಿ ತಂಪು. ಮಳೆ ಕಡಿಮೆಯಾದ್ದರಿಂದ ಇಷ್ಟಾದರೂ ಉಳಿದಿದೆ. ಗೋಡೆಯ ಬುಡಕ್ಕೆ ಒರಗಬೇಡಿ, ಹತ್ತಲಂತೂ ಹೋಗಬೇಡಿ. ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕರಗುತ್ತಿದೆ. ಒಳಸಂಚು, ವಿಷ, ಅಡಗಿಸಿಟ್ಟ ಕತ್ತಿ, ನಾಗತಿಯರ ಕಣ್ಣೀರು ಎಲ್ಲ ನಡೆಯುವ ಅಂತಃಪುರದ ಅಳತೆ ಇಲ್ಲಿ ಕಣ್ಣಿಗೆ ಸಿಗುತ್ತದೆ. ಓದುವಾಗ ಮನಸ್ಸಿನಲ್ಲಿ ಮೈಸೂರು ಅರಮನೆಯಷ್ಟು ಕಲ್ಪಿಸಿಕೊಂಡಿರುತ್ತೇವೆ. ಇಲ್ಲಿ ಕೋಣೆಗಳು ಸಣ್ಣವು, ಒಂದಕ್ಕೊಂದು ಅಂಟಿಕೊಂಡವು. ಪಿಸುಮಾತು ಕೂಡ ಪಕ್ಕದವರಿಗೆ ಕೇಳಿಸುವ ಹತ್ತಿರ. ತ.ರಾ.ಸು. ಪಾತ್ರಗಳು ಅಷ್ಟೊಂದು ಗುಟ್ಟಾಗಿ, ಸುತ್ತುಬಳಸಿ ಮಾತಾಡುವುದು ಯಾಕೆಂದು ನನಗೆ ಅರ್ಥವಾಗಿದ್ದು ಈ ಗೋಡೆಗಳ ನಡುವೆ.

ಇದೆಲ್ಲ ಆದ ಮೇಲೆ ಓಬವ್ವನ ಕಿಂಡಿ. ತಣ್ಣೀರು ದೋಣಿ ಎಂಬ ನೀರಿನ ತಾಣದ ಹತ್ತಿರ, ಬಂಡೆಗಳ ಸಂದಿನಲ್ಲಿ ಒಬ್ಬರು ಮೈ ಮುದುರಿ ನುಸುಳುವಷ್ಟು ದಾರಿ. ಹೈದರನ ಸೈನಿಕರು ಒಬ್ಬೊಬ್ಬರಾಗಿ ತಲೆ ತೂರಿಸಿದಾಗ ಕಹಳೆಯ ಮುದ್ದಹನುಮನ ಹೆಂಡತಿ ಓಬವ್ವ ಒನಕೆಯಿಂದ ಹೊಡೆದು ಕೆಡವಿದ ಕಥೆ ಎಲ್ಲ ಕನ್ನಡಿಗರಿಗೂ ಗೊತ್ತು. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಬಂದಿದ್ದಳು. ದೋಣಿ ಮತ್ತು ಕಿಂಡಿಯ ನಡುವಿನ ಅಂತರ ನೋಡಿದರೆ ಆ ಮಾತು ಎಷ್ಟು ಸಹಜ ಎಂದು ತಿಳಿಯುತ್ತದೆ. ನಾಡಿನ ಮನೆಮನೆಗೆ ಈ ಕಥೆಯನ್ನು ಮುಟ್ಟಿಸಿದ್ದು 1972ರ ‘ನಾಗರಹಾವು’ ಚಿತ್ರದ ಹಾಡು, ಅದರಲ್ಲಿ ಓಬವ್ವನಾಗಿ ಜಯಂತಿ. ಈಗ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತದೆ. ಕಿಂಡಿಯೊಳಗೆ ಹೋಗುವವರು ಬೆನ್ನಿನ ಚೀಲ ಮೊದಲು ಬಿಚ್ಚಿಡಿ, ಇಲ್ಲದಿದ್ದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಭಾನುವಾರ, ಶಾಲಾ ಪ್ರವಾಸದ ಡಿಸೆಂಬರ್ ತಿಂಗಳಲ್ಲಿ ಇಲ್ಲಿ ಸರದಿ ಸಾಲೇ ಇರುತ್ತದೆ. ವಾರದ ನಡುವೆ ಬಂದರೆ ನೆಮ್ಮದಿ.

ತುಪ್ಪದ ಕೊಳದ ಬತೇರಿ (ಕಾವಲು ಬುರುಜು) ಕೋಟೆಯ ತುತ್ತತುದಿ. ಮೆಟ್ಟಿಲು ಎನ್ನುವುದಕ್ಕಿಂತ ಬಂಡೆಯಲ್ಲಿ ಪಾದದ ಮುಂಭಾಗ ಮಾತ್ರ ಊರುವಷ್ಟು ಕಡಿದ ಕಚ್ಚುಗಳು. ಹತ್ತುವುದು ಕಷ್ಟವಲ್ಲ, ಇಳಿಯುವುದು ಕಷ್ಟ. ಇಳಿಯುವಾಗ ಬಂಡೆಗೆ ಮುಖ ಮಾಡಿ, ಹಿಮ್ಮುಖವಾಗಿ, ಒಂದು ಕಾಲು ಗಟ್ಟಿಯಾಗುವವರೆಗೆ ಇನ್ನೊಂದು ಎತ್ತದೆ ಬನ್ನಿ. ಗಾಳಿ ಜೋರಾಗಿದ್ದರೆ, ಬಂಡೆ ಒದ್ದೆಯಾಗಿದ್ದರೆ, ತಲೆಸುತ್ತುವವರಿದ್ದರೆ ಬಿಟ್ಟುಬಿಡಿ. ಮೇಲೆ ಹೋದವರಿಗೆ ಸುತ್ತಿನ ಗೋಡೆಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಹೈದರಾಲಿಗೆ ಈ ಕೋಟೆ ಒಂದೇ ಏಟಿಗೆ ಯಾಕೆ ದಕ್ಕಲಿಲ್ಲ ಅನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಇಷ್ಟನ್ನೂ ನೋಡಲು ನಾಲ್ಕೈದು ಗಂಟೆ ಹಿಡಿಯುತ್ತದೆ.

ಸಂಜೆ ಪೇಟೆಗೆ. ‘ನಾಗರಹಾವು’ ಚಿತ್ರ ಒಂದು ಕಾದಂಬರಿಯಿಂದ ಬಂದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನು ಸೇರಿಸಿ ಪುಟ್ಟಣ್ಣ ಕಟ್ಟಿದ್ದು. ಚಿತ್ರ ನೋಡಿದ ಕಣ್ಣಿಗೆ ಕಥಾನಾಯಕ ರಾಮಾಚಾರಿ ಅಂದರೆ ಕೋಟೆಯ ಬಂಡೆಗಳ ಮೇಲೆ ನಿಂತ ವಿಷ್ಣುವರ್ಧನ್, ನಿಧಾನಗತಿಯಲ್ಲಿ ಚಿತ್ರಿಸಿದ ಆ ಹಾಡು, ಕೆ.ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಪುಸ್ತಕದ ರಾಮಾಚಾರಿ ಇದಕ್ಕಿಂತ ಒರಟು, ಒಳಗೇ ಕುದಿಯುವವನು. ಅವನ ಕಥೆಯ ತೂಕ ಇರುವುದು ಬಂಡೆಗಳಲ್ಲಲ್ಲ, ಒಬ್ಬರ ಮನೆಯ ವಿಷಯ ಇನ್ನೊಬ್ಬರಿಗೆ ಗೊತ್ತಾಗದೇ ಇರದ ಸಣ್ಣ ಊರಿನ ಬೀದಿಗಳಲ್ಲಿ, ಜಾತಿ-ಮಡಿ-ಮರ್ಯಾದೆಗಳ ಬಿಗಿಯಲ್ಲಿ. ಚಿತ್ರ ತ.ರಾ.ಸು. ಅವರಿಗೆ ಸಮಾಧಾನ ತರಲಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು. ಮೂರೂ ಪುಸ್ತಕ ಓದಿದವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ಚಿತ್ರ ತನ್ನ ಪಾಡಿಗೆ ಚೆನ್ನಾಗಿದೆ, ಪುಸ್ತಕ ಬೇರೆ.

ಹಾಗಾಗಿ ದೊಡ್ಡಪೇಟೆ, ಚಿಕ್ಕಪೇಟೆಯ ಒಳಬೀದಿಗಳಲ್ಲಿ ಸುಮ್ಮನೆ ಅಡ್ಡಾಡಿ. ‘ರಾಮಾಚಾರಿ ಮನೆ ಎಲ್ಲಿ’ ಎಂದು ಕೇಳಬೇಡಿ; ಯಾರಾದರೂ ಒಂದು ಮನೆ ತೋರಿಸಿಯೇ ತೋರಿಸುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಜಗುಲಿ ಇರುವ ಹಳೆಯ ಮನೆಗಳು ಇನ್ನೂ ಕೆಲವು ಉಳಿದಿವೆ. ಬೀದಿಯ ಅಗಲ, ಎದುರು ಮನೆಯ ಜಗುಲಿ ಎಷ್ಟು ಹತ್ತಿರ, ಬೀದಿ ತುದಿಯಲ್ಲಿ ಗುಡ್ಡ ಹೇಗೆ ತಲೆಯ ಮೇಲೇ ಬಂದು ನಿಲ್ಲುತ್ತದೆ, ಇವನ್ನು ಗಮನಿಸಿ. ರಂಗಯ್ಯನ ಬಾಗಿಲ ಹತ್ತಿರದ ವಸ್ತುಸಂಗ್ರಹಾಲಯವನ್ನು ಮಧ್ಯಾಹ್ನದ ಬಿಸಿಲಿಗೆ ಇಟ್ಟುಕೊಂಡರೆ ಹೊತ್ತು ಸರಿಹೋಗುತ್ತದೆ. ಊರಿನ ದೊಡ್ಡ ರಂಗಮಂದಿರಕ್ಕೆ ತ.ರಾ.ಸು. ಹೆಸರೇ ಇದೆ, ಅಂದು ನಾಟಕವೋ ಸಂಗೀತವೋ ಇದ್ದರೆ ಹೋಗಿ ಕೂರಿ. ಸಂಜೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಲ್ಲಾ ಕಡೆ ಸಿಗುತ್ತದೆ.

ಮರುದಿನ ಬೆಳಿಗ್ಗೆ ಚಂದ್ರವಳ್ಳಿ. ಕೋಟೆಗುಡ್ಡದ ಹಿಂಬದಿಯ ಕಣಿವೆ, ಕೆರೆ. ಚರಿತ್ರೆಯಲ್ಲಿ ಇದು ಪಾಳೆಯಗಾರರಿಗಿಂತ ಸಾವಿರ ವರ್ಷಕ್ಕೂ ಹಿಂದಿನದು: ಶಾತವಾಹನರ ನಾಣ್ಯ, ರೋಮಿನ ನಾಣ್ಯ ಸಿಕ್ಕ ಜಾಗ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಜಾಗ. ಕದಂಬರ ಮಯೂರಶರ್ಮನ ಶಾಸನ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲಿದೆ. ಕೆರೆಯನ್ನ ಕುರಿತದ್ದೇ ಆ ಶಾಸನ. ಅಂಕಲಿಮಠದ ನೆಲದಡಿಯ ಕೋಣೆಗಳಿಗೆ ಇಳಿಯಬೇಕಾದರೆ ಟಾರ್ಚ್ ಹಿಡಿದ ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳಿ. ಒಳಗೆ ಕತ್ತಲೆ, ದಾರಿ ಕವಲೊಡೆಯುತ್ತದೆ, ಮೊಬೈಲ್ ಬೆಳಕು ಸಾಕಾಗುವುದಿಲ್ಲ. ಉಸಿರಾಟದ ತೊಂದರೆ ಇರುವವರು ಇಳಿಯಬೇಡಿ. ತ.ರಾ.ಸು. ಅವರ ‘ಚಂದವಳ್ಳಿಯ ತೋಟ’ ಕಾದಂಬರಿ ಇಲ್ಲಿಯದೇ ಎಂದುಕೊಂಡು ಬರುವವರಿದ್ದಾರೆ. ಅದು ಒಂದು ಹಳ್ಳಿಯ ಕುಟುಂಬದ ಕಥೆ, ಈ ಕಣಿವೆಗೂ ಅದಕ್ಕೂ ಸಂಬಂಧವಿಲ್ಲ.

ಇಲ್ಲಿ ನೆನೆಯಬೇಕಾದದ್ದು ‘ಹಂಸಗೀತೆ’. ದುರ್ಗದಲ್ಲಿದ್ದ ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನ ಐತಿಹ್ಯ ಹಿಡಿದು ಬರೆದದ್ದು. ದೊರೆಯ ಅಪ್ಪಣೆಗೆ ಹಾಡಲಾರೆನೆಂದು ನಾಲಿಗೆಯನ್ನೇ ಕೊಯ್ದುಕೊಂಡವನ ಕಥೆ. ತ.ರಾ.ಸು. ಪುಸ್ತಕಗಳಲ್ಲಿ ಒಂದನ್ನೇ ಓದುತ್ತೇನೆ ಎನ್ನುವವರಿಗೆ ನಾನು ಕೊಡುವುದು ಇದನ್ನು: ತೆಳು ಪುಸ್ತಕ, ಒಂದು ರಾತ್ರಿಗೆ ಮುಗಿಯುತ್ತದೆ, ದುರ್ಗದ ವೀರರ ಕಥೆಗಳಿಗಿಂತ ಆಳಕ್ಕೆ ಇಳಿಯುತ್ತದೆ. ಹಿಂದಿಯಲ್ಲಿ 1956ರಲ್ಲೇ ‘ಬಸಂತ್ ಬಹಾರ್’ ಆಯಿತು, ಕನ್ನಡದಲ್ಲಿ ಜಿ.ವಿ. ಅಯ್ಯರ್ 1975ರಲ್ಲಿ ಚಿತ್ರ ಮಾಡಿದರು, ಅನಂತನಾಗ್ ಗಾಯಕನಾಗಿ.

ಗಾಡಿ ಇದ್ದವರು ದಾವಣಗೆರೆ ಕಡೆಗೆ ಹೊರಡಿ. ಹೆದ್ದಾರಿಯಲ್ಲಿ ಭರಮಸಾಗರ ಸಿಗುತ್ತದೆ. ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರಿನ ಊರು, ಕೆರೆ. ‘ತಿರುಗುಬಾಣ’ದಿಂದ ‘ಹೊಸಹಗಲು’ಗೆ ದಾಟಿದವರಿಗೆ ಈ ಹೆಸರು ಸುಮ್ಮನೆ ಬೋರ್ಡಿನ ಮೇಲಿನ ಹೆಸರಾಗಿ ಉಳಿಯುವುದಿಲ್ಲ. ಹಿರೇಮದಕರಿ ಮಡಿದ ಮಾಯಕೊಂಡ ಹೆದ್ದಾರಿಯಿಂದ ಒಳಗೆ, ಚಿಕ್ಕಜಾಜೂರು–ದಾವಣಗೆರೆ ರೈಲು ಮಾರ್ಗದಲ್ಲಿದೆ. ರಣರಂಗವೆಂದು ಬೇಲಿ ಹಾಕಿ ತೋರಿಸುವ ಜಾಗ ಹುಡುಕಬೇಡಿ. ಬಯಲು ನೋಡಿ, ಅಷ್ಟೇ. ಕೋಟೆ ಬಿಟ್ಟು ಬಯಲಿಗೆ ಇಳಿದ ದುರ್ಗದ ಸೈನ್ಯಕ್ಕೆ ಬಂಡೆಗಳ ಆಸರೆ ಇರಲಿಲ್ಲ ಅನ್ನುವುದು ಅಲ್ಲಿ ನಿಂತರೆ ಕಾಣುತ್ತದೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಹರಿಹರ ದಾಟಿ ಶಿವಮೊಗ್ಗ ದಾರಿ ಹಿಡಿದರೆ ಮಲೆಬೆನ್ನೂರು. ಸುತ್ತ ಭದ್ರಾ ನಾಲೆಯ ಗದ್ದೆಗಳು, ಕಣ್ಣು ಹಾಯುವವರೆಗೂ ಹಸಿರು. 1920ರಲ್ಲಿ ಈ ನಾಲೆ ಇರಲಿಲ್ಲ, ಹಸಿರು ನೋಡಿ ಲೇಖಕರ ಬಾಲ್ಯವನ್ನು ಊಹಿಸಿದರೆ ತಪ್ಪಾಗುತ್ತದೆ.

ತಳುಕು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ, ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲಿದೆ. ಒಂದೇ ದಿನ ಮಲೆಬೆನ್ನೂರು, ತಳುಕು ಎರಡನ್ನೂ ಮುಗಿಸುತ್ತೇನೆಂದು ಹೊರಟರೆ ದಿನವೆಲ್ಲ ರಸ್ತೆಯಲ್ಲೇ ಹೋಗುತ್ತದೆ. ಎರಡರಲ್ಲಿ ಒಂದೇ ಆಗುವುದಾದರೆ ತಳುಕಿಗೆ ಹೋಗಿ: ಶೇಂಗಾ ಹೊಲ, ಕೆಂಪು ನೆಲ, ದೂರದೂರಕ್ಕೆ ಒಂದೊಂದು ಬೆತ್ತಲೆ ಗುಡ್ಡ, ಒಬ್ಬ ದೊಡ್ಡ ಪ್ರಾಧ್ಯಾಪಕರನ್ನೂ ಒಬ್ಬ ದೊಡ್ಡ ಕಾದಂಬರಿಕಾರರನ್ನೂ ಕೊಟ್ಟ ಮನೆತನದ ಸೀಮೆ. ಚಳ್ಳಕೆರೆಯಿಂದ ಬಳ್ಳಾರಿ ಕಡೆಗೆ ಹೋಗುವ ಬಸ್ಸುಗಳು ಆ ದಾರಿಯಲ್ಲೇ ಹೋಗುತ್ತವೆ. ಹತ್ತುವ ಮುಂಚೆ ತಳುಕಿನಲ್ಲಿ ನಿಲ್ಲಿಸುತ್ತಾರಾ ಎಂದು ಕಂಡಕ್ಟರನ್ನು ಕೇಳಿಕೊಳ್ಳಿ, ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಕೆಲವು ನಿಲ್ಲಿಸುವುದಿಲ್ಲ.